ಕೈ ತೊಳೆದ ಗಂಗಾಳ

ದೋರ್ದೋನ್ ಸೀಮೆ, ಫ್ರಾನ್ಸ್
ಶನಿವಾರ, ೭ ಜೂನ್ ೨೦೨೫

ನೀಲಾಗೆ,

ಸುಖರೂಪ ಮುಟ್ಟಿದ್ದೇನೆ. ಸುಖ ಎನ್ನುವುದು ಬರವಣಿಗೆಗೆ ಮಾತ್ರ.

ಯುರೋಪ್ ಟೂರ್ ಎಂದರೆ ಎತ್ತರದ ಗೋಪುರ, ಹಿಮ, ಬಸ್ಸಿನ ಕಿಟಕಿಗೆ ಕೂತು ಫೋಟೋ ಎಂದುಕೊಂಡಿದ್ದೆ. ಕುಕ್ಕರ್ ಕಂಪನಿಯವರು ನಮ್ಮನ್ನು ತಂದು ಬಿಟ್ಟಿರುವುದು ಹಳ್ಳಿಗೆ. ಕಲ್ಲಿನ ಮನೆ, ಸುತ್ತ ಅಕ್ರೋಟಿನ ಗಿಡ, ಕೆಳಗೆ ಒಂದು ಹೊಳೆ. ಮುಂಜಾನೆ ಅಡುಗೆ ಕಲಿಯುವುದು, ಮಧ್ಯಾಹ್ನದ ಮೇಲೆ ಸೀಮೆ ನೋಡುವುದು, ಎಂಟು ದಿನ ಇದೇ. 'ಕುಕ್ಕರ್ ಮಾರವರಿಗೆ ಅಡಗಿ ಗೊತ್ತಿರಬೇಕಲ್ರಿ' ಎನ್ನುತ್ತಾಳೆ ಜಹೀದಾ. ಕಂಪನಿಯ ಹುಬ್ಬಳ್ಳಿ ಆಫೀಸಿನವಳು. ನಮ್ಮ ಹನ್ನೆರಡು ಡೀಲರುಗಳನ್ನು ಕರೆತಂದವಳೂ ಅವಳೇ, ಇಲ್ಲಿಯವರ ಮಾತು ನಮಗೆ ತಿಳಿಸುವವಳೂ ಅವಳೇ. ಗಜೇಂದ್ರಗಡದಲ್ಲಿ ಇಪ್ಪತ್ತಾರು ವರ್ಷ ಸ್ಟವ್, ಕುಕ್ಕರ್ ಮಾರಿದ್ದೇನೆ, ಒಂದು ದಿನ ಒಲೆ ಹಚ್ಚಿದವನಲ್ಲ. ಅದರಿಂದ ಯಾರ ಕುಕ್ಕರಿನ ಸೀಟಿ ನಿಂತಿತು?

ಇಂದು ನನ್ನ ಸೊಂಟಕ್ಕೆ ಏಪ್ರನ್ ಕಟ್ಟಿಸಿ ಉಳ್ಳಾಗಡ್ಡಿ ಹೆಚ್ಚಿಸಿದರು. ಆಮೇಲೆ ಬಳ್ಳೊಳ್ಳಿ ಸಾರು ಕೊಟ್ಟರು. ಹಸಿದಿದ್ದೆ, ಎರಡು ಬಟ್ಟಲು ಕುಡಿದೆ. ಕುಡಿದ ಮೇಲೆ ಜಹೀದಾ ಕೇಳಿ ಹೇಳಿದಳು, ಬಳ್ಳೊಳ್ಳಿ ಹುರಿದದ್ದು ಬಾತುಕೋಳಿಯ ಕೊಬ್ಬಿನಲ್ಲಿ. ಮಾಂಸ ಹಾಕಿಲ್ಲ, ಹಾಗಾಗಿ ಅದು ಇವರ ಪ್ರಕಾರ ಶಾಕಾಹಾರ. ಹಿತ್ತಲಿಗೆ ಹೋಗಿ ಗಂಟಲಿಗೆ ಬೆರಳು ಹಾಕಿ ಎಲ್ಲಾ ಕಾರಿ ಬಂದೆ. ನಾಲಗೆಗೆ ಇನ್ನೂ ಜಿಡ್ಡು ಅಂಟಿದೆ.

ಈಗ ಮುಖ್ಯ ಮಾತು. ನರಗುಂದದ ಮಲ್ಲೇಶಪ್ಪ ಮತ್ತು ನಾನು ಒಂದೇ ಕೋಣೆಯಲ್ಲಿದ್ದೇವೆ. ಸೋಮವಾರ ಅವನ ಹೆಂಡತಿ, ಮಗ ಸಿದ್ದರಾಮೇಶ ನಮ್ಮ ಉಮಾಳನ್ನು ನೋಡಲು ಬರುತ್ತಾರೆ. ಹೋಳಿಗೆ, ಬದನೆಕಾಯಿ ಎಣ್ಣೆಗಾಯಿ ಇರಲಿ. ಉಪ್ಪು ನೋಡಿ ಹಾಕು, ನಿನ್ನ ಕೈ ಯಾವಾಗಲೂ ಉಪ್ಪಿಗೆ ಜೋರು. 'ಅವ್ವ ಹ್ಯಾಂಗಂತಾಳ ಹಾಂಗ' ಎಂದು ಉಮಾ ನನ್ನ ಮುಂದೆಯೇ ಹೇಳಿದ್ದಾಳೆ, ಅಂದರೆ ಈಗ ಎಲ್ಲಾ ನಿನ್ನ ಒಂದು ಹೂಂ ಮೇಲೆ ನಿಂತಿದೆ. ನಾನು ಬಂದ ಮೇಲೆ ಇಪ್ಪತ್ತನೇ ತಾರೀಖಿಗೆ ನಿಶ್ಚಯ.

ಇಲ್ಲಿ ಫೋನಿಗೆ ಸಿಗ್ನಲ್ ಇಲ್ಲ. ಮುಂಜಾನೆ ಅರ್ಧ ತಾಸು ಆಫೀಸಿನ ಕೋಣೆಯಲ್ಲಿ ವಾಟ್ಸಾಪ್ ಹತ್ತುತ್ತದೆ, ಆದರೆ ಹನ್ನೆರಡೂ ಮಂದಿ ಒಮ್ಮೆಲೇ ಒದರುವಾಗ ಯಾರ ಹೆಂಡತಿ ಏನಂದಳೋ ತಿಳಿಯುವುದಿಲ್ಲ. ಅದಕ್ಕೇ ಹಾಳೆಯ ಮೇಲೆ ಬರೆದು ಫೋಟೋ ತೆಗೆದು ಕಳಿಸುತ್ತಿದ್ದೇನೆ. ನೀನೂ ಬರೆ, ಉಮಾ ಫೋಟೋ ತೆಗೆದು ಹಾಕಲಿ.

ಕಳಕಪ್ಪ


ಗಜೇಂದ್ರಗಡ
ಭಾನುವಾರ, ೮ ಜೂನ್ ೨೦೨೫

ಮನೆಯವರಿಗೆ,

ಪತ್ರ ಮುಟ್ಟಿತು. ಬರೆಯಿರಿ ಅಂದದ್ದು ಚಲೋ ಆಯಿತು. ಫೋನಿನಲ್ಲಿ ನನ್ನ ಮಾತು ಅರ್ಧಕ್ಕೆ ಬರುವಷ್ಟರಲ್ಲಿ ನೀವು 'ಆತು ಇಡು' ಅನ್ನುತ್ತೀರಿ. ಹಾಳೆ ಹಾಗೆ ಅನ್ನುವುದಿಲ್ಲ.

ನೀವು ಉಳ್ಳಾಗಡ್ಡಿ ಹೆಚ್ಚಿದ್ದನ್ನು ಓದಿ ಉಮಾ ಹೊಟ್ಟೆ ಹಿಡಿದುಕೊಂಡು ನಕ್ಕಳು. ನಿಮ್ಮ ಅವ್ವ ಮಾತ್ರ ನಗಲಿಲ್ಲ. 'ನನ್ನ ಮಗನ ಕೈಯಾಗ ಈಳಿಗಿ ಕೊಟ್ರಾ? ಅವರ ಮನಿ ಹೆಣಮಕ್ಕಳೆಲ್ಲಾ ಎಲ್ಲಿ ಹೋಗ್ಯಾರ?' ಅಂತ ಕೇಳುತ್ತಿದ್ದಾರೆ. ಎಂಬತ್ತೆರಡು ಆದರೂ ದನಿ ಮಾತ್ರ ಹಾಗೇ ಇದೆ.

ಸೋಮವಾರದ ಅಡುಗೆಗೆ ಎಲ್ಲಾ ತಂದಿದ್ದೇನೆ. ಬದನೆಕಾಯಿ ಜಕ್ಕಲಿಯಿಂದ ಬಂದಿವೆ, ಎಳೆಯವು. ಉಮಾ ಸಾಲೆಗೆ ರಜೆ ಹಾಕಿದ್ದಾಳೆ. ಮೇಲೆ ಮೇಲೆ ಏನೂ ಇಲ್ಲದವಳಂತೆ ಇದ್ದಾಳೆ, ಆದರೆ ಎರಡು ಸಲ ಸೀರೆ ಬದಲಿಸಿ ಕನ್ನಡಿ ನೋಡಿಕೊಂಡಳು. ಹುಡುಗ ಹೇಗೆ ಮಾತಾಡುತ್ತಾನೆ ಅಂತ ಕೇಳಿದಳು. ನೀವು ಅವನ ಅಂಗಡಿ ನೋಡಿದ್ದೀರಿ, ಅವನನ್ನು ಎಷ್ಟು ನೋಡಿದ್ದೀರೋ ನನಗೆ ತಿಳಿಯದು, ಹಾಗಾಗಿ ನಾಳೆ ನೀನೇ ಮಾತಾಡಿಸಿ ನೋಡು ಅಂದೆ.

ಅಲ್ಲಿ ಅಷ್ಟು ಮಂದಿ ಉಂಡ ಮೇಲೆ ಮುಸುರೆ ಯಾರು ತಿಕ್ಕುತ್ತಾರೆ?

ನೀಲಾ


ದೋರ್ದೋನ್
ಸೋಮವಾರ, ೯ ಜೂನ್ ೨೦೨೫

ನೀಲಾಗೆ,

ಈ ಹೊತ್ತಿಗೆ ಅವರು ಉಂಡು ಹೋಗಿರಬೇಕು. ಏನಾಯಿತು ಎಂದು ಲಗೂ ಬರೆ. ಮಲ್ಲೇಶಪ್ಪನಿಗೂ ಮನೆಯಿಂದ ಇನ್ನೂ ಸುದ್ದಿಯಿಲ್ಲ, ಎದುರಿಗೇ ಕೂತು ಉಗುರು ಕಡಿಯುತ್ತಿದ್ದಾನೆ.

ನಿನ್ನೆ ಸಂಜೆ ಇಲ್ಲಿಯ ಸಂತೆಗೆ ಕರೆದೊಯ್ದರು. ಊರು ನೋಡಲು ಚೆಂದ, ಸುಳ್ಳು ಹೇಳುವುದಿಲ್ಲ. ಹಳದಿ ಕಲ್ಲಿನ ಓಣಿಗಳು, ಕಿಟಕಿಗೊಂದು ಹೂವಿನ ಕುಂಡ. ಆದರೆ ಮೂಗು ಮುಚ್ಚಿಕೊಂಡು ನೋಡಬೇಕು. ಒಂದು ಕಡೆ ಸುಲಿದ ಮೊಲ ತಲೆ ಕೆಳಗಾಗಿ ತೂಗುತ್ತಿದೆ, ಪಕ್ಕದಲ್ಲೇ ಬೂಸ್ಟು ಹತ್ತಿದ ಹಾಲಿನ ಗಡ್ಡೆ. ಅದಕ್ಕೆ ಚೀಸ್ ಎನ್ನುತ್ತಾರೆ. ನಮ್ಮಲ್ಲಿ ಬೂಸ್ಟು ಬಂದರೆ ತಿಪ್ಪೆಗೆ, ಇಲ್ಲಿ ಬೂಸ್ಟು ಬಂದ ಮೇಲೆಯೇ ಬೆಲೆ. ಒಬ್ಬ ಮುದುಕ ಚಾಕುವಿನ ತುದಿಯಲ್ಲಿ ಒಂದು ತುಂಡು ನನ್ನ ಬಾಯಿಯ ಹತ್ತಿರ ತಂದ. ಹೋತದ ಕೊಟ್ಟಿಗೆಯ ವಾಸನೆ. ಮುಖ ಹೊರಳಿಸಿದೆ.

ಇಂದು ಅದಕ್ಕಿಂತ ಕೆಟ್ಟದ್ದು. ಬಾತುಕೋಳಿ ಸಾಕುವ ಹೊಲಕ್ಕೆ ಹೋಗಿದ್ದೆವು. ಹಕ್ಕಿಯನ್ನು ತೊಡೆಗಳ ನಡುವೆ ಹಿಡಿದು, ಗಂಟಲಿಗೆ ಉದ್ದನೆಯ ಕೊಳವೆ ಇಳಿಸಿ, ಗೋವಿನಜೋಳ ತುರುಕುತ್ತಾರೆ. ದಿನಕ್ಕೆ ಎರಡು ಸಲ. ಅದರ ಲಿವರ್ ಉಬ್ಬಬೇಕಂತೆ, ಉಬ್ಬಿದ ಲಿವರನ್ನು ರೊಟ್ಟಿಗೆ ಸವರಿ ತಿನ್ನುತ್ತಾರಂತೆ. ಹಕ್ಕಿಗೆ ಬೇಕೋ ಬೇಡವೋ ಯಾರೂ ಕೇಳುವುದಿಲ್ಲ. ಆ ಕಣ್ಣು ನೋಡಲಾಗಲಿಲ್ಲ, ಬಸ್ಸಿಗೆ ಬಂದು ಕೂತೆ. ಇವರಿಗೆ ಮನುಷ್ಯತ್ವ ಇಲ್ಲ ಎಂದು ಜಹೀದಾಗೆ ಹೇಳಿದೆ.

ಮುಸುರೆ ಕೇಳಿದ್ದೆಯಲ್ಲ, ಇಲ್ಲಿ ಅವರವರದು ಅವರವರೇ ತೊಳೆಯಬೇಕಂತೆ. ಅದರಿಂದ ನಿನ್ನೆ ಮಧ್ಯಾಹ್ನ ಊಟದ ಮನೆಯಲ್ಲಿ ಸಣ್ಣ ಗೊಂದಲವಾಯಿತು. ದೊಡ್ಡದೇನಲ್ಲ.

ಕಳಕಪ್ಪ


ಗಜೇಂದ್ರಗಡ
ಮಂಗಳವಾರ, ೧೦ ಜೂನ್ ೨೦೨೫

ಮನೆಯವರಿಗೆ,

ಬಂದಿದ್ದರು. ಉಂಡರು. ಹೋದರು.

ಹುಡುಗನ ತಾಯಿ ಮಾತಿಗೆ ಚಲೋ ಇದ್ದಾರೆ. ಹುಡುಗ ಎತ್ತರ ಇದ್ದಾನೆ. ಉಳಿದದ್ದು ನಿಧಾನವಾಗಿ ಬರೆಯುತ್ತೇನೆ, ನಿನ್ನೆಯಿಂದ ಮೈಯಲ್ಲಿ ಆರಾಮಿಲ್ಲ. ಊಟ ಸೇರುತ್ತಿಲ್ಲ.

ಊಟದ ಮನೆಯಲ್ಲಿ ಆದ ಗೊಂದಲ ಏನು?

ನೀಲಾ


ದೋರ್ದೋನ್
ಬುಧವಾರ, ೧೧ ಜೂನ್ ೨೦೨೫

ನೀಲಾಗೆ,

ನಿನ್ನ ಪತ್ರ ಓದಿ ಸಮಾಧಾನವಾಯಿತು. ಉಂಡು ಹೋದರು ಎಂದರೆ ಕೆಲಸ ಆದ ಹಾಗೆಯೇ. ಮಲ್ಲೇಶಪ್ಪನಿಗೆ ಆಗಲೇ ಹೇಳಿಬಿಟ್ಟೆ. ಚಹಾದ ಡಬ್ಬಿಯಿಂದ ಸಕ್ಕರೆ ತೆಗೆದು ಒಬ್ಬರ ಬಾಯಿಗೆ ಒಬ್ಬರು ಹಾಕಿದೆವು. 'ಇನ್ನ ಬೀಗ್ರು ಅನ್ರಿ' ಎಂದ. ಮಗಳನ್ನು ಕೊಡುವ ವಿಚಾರ ಬಂದಾಗ ತಾಯಿಗೆ ಊಟ ಸೇರದಿರುವುದು ಸಹಜ, ಎರಡು ದಿನದಲ್ಲಿ ಸರಿಹೋಗುತ್ತದೆ. ಇವತ್ತು ಕಾರಹುಣ್ಣಿವೆ, ಹಬ್ಬಕ್ಕೆ ಬಾಯಿ ಸಿಹಿಯಾದದ್ದು ಆ ಸಕ್ಕರೆಯಿಂದ ಅಷ್ಟೇ.

ನಿನ್ನೆ ಒಂದು ಗವಿ ತೋರಿಸಿದರು. ಸಾವಿರಾರು ವರ್ಷದ ಹಿಂದಿನವರು ಗೋಡೆಯ ಮೇಲೆ ಕಾಡೆಮ್ಮೆ, ಕುದುರೆ ಬರೆದಿದ್ದಾರೆ. ಒಳಗೆ ಥಂಡಿ, ಹಸಿ ಮಣ್ಣಿನ ವಾಸನೆ. ಹೊರಗೆ ಬಂದರೆ ಅಲ್ಲೂ ಒಂದು ಚೀಸಿನ ನೆಲಮನೆ. ಎಲ್ಲಿ ತೂತು ಕಂಡರೂ ಇವರು ಅದರಲ್ಲಿ ಹಾಲು ಕೊಳೆಯಲು ಇಡುತ್ತಾರೆ. ಹಾಲು ಒಡೆಯಲು ಎಳೆ ಕರುವಿನ ಜಠರದ ರಸ ಹಾಕುತ್ತಾರೆಂದು ಜಹೀದಾ ಹೇಳಿದಾಗ ನಮ್ಮ ಗುಂಪಿನಲ್ಲಿ ಮೂವರು ಬಾಯಿಗೆ ಕರವಸ್ತ್ರ ಹಿಡಿದರು. ಆ ಮೊದಲು ಅವರೇ ಚಪ್ಪರಿಸಿ ತಿಂದಿದ್ದರು.

ನೀನು ಕೇಳಿದ ಗೊಂದಲ. ನಿನಗಲ್ಲದೆ ಯಾರಿಗೆ ಹೇಳಲಿ. ಭಾನುವಾರ ಏನೋ ಬಿಳಿ ಬೀನ್ಸಿನ ಅಡುಗೆ ಬಡಿಸಿದರು. ಒಂದು ತುತ್ತು ಹಾಕಿಕೊಂಡೆ, ಸೇರಲಿಲ್ಲ. ರೂಢಿಯಂತೆ ಜಗ್ಗಿನ ನೀರು ಹಾಕಿ ತಾಟಿನಲ್ಲೇ ಕೈ ತೊಳೆದೆ. ಅಡುಗೆ ಕಲಿಸುವ ಒಡೆಟ್ ಬಾಯಿ ನನ್ನ ಕೈ ನೋಡಿದಳು, ತಾಟು ನೋಡಿದಳು, ತನ್ನ ಚಮಚ ಕೆಳಗಿಟ್ಟಳು. ಮಲ್ಲೇಶಪ್ಪನೂ ಜಗ್ಗು ಹಿಡಿದಿದ್ದ, ಮುಖಗಳನ್ನು ನೋಡಿ ಮೆಲ್ಲಗೆ ಹಿಂದಕ್ಕಿಟ್ಟ. ಹೇಡಿ.

ನಾನು ಎದ್ದು ಹೋದೆ. ಯಾರಾದರೂ ಎತ್ತುತ್ತಾರೆ ಎಂದುಕೊಂಡೆ. ರಾತ್ರಿ ಊಟಕ್ಕೆ ಬಂದರೆ ನನ್ನ ಕುರ್ಚಿಯ ಮುಂದೆ ಅದೇ ತಾಟು. ಸೋಮವಾರ ಮುಂಜಾನೆಯೂ ಅಲ್ಲೇ. ಉಳಿದ ಮೇಜೆಲ್ಲ ಒರೆಸಿದ್ದಾರೆ, ನನ್ನ ತಾಟಿನ ಸುತ್ತ ಬಿಟ್ಟು ಒರೆಸಿದ್ದಾರೆ. ತಾಟಿನಲ್ಲಿ ಬಿಟ್ಟಿದ್ದ ಬ್ರೆಡ್ಡು ಉಬ್ಬಿ ಹೆಣದ ಹಾಗಾಗಿತ್ತು, ನೀರಿನ ಮೇಲೆ ಕೆನೆಯಂಥ ಪದರ, ಅದರಲ್ಲಿ ಎರಡು ನೊಣ. ಹುಳಿ ವಾಸನೆ. ಕೊನೆಗೆ ನಾನೇ ಎತ್ತಿಕೊಂಡು ಹೋಗಬೇಕಾಯಿತು. ಬೀನ್ಸು ಜಾರಿ ಹೆಬ್ಬೆರಳಿಗೆ ತಾಗಿತು, ಅಲ್ಲೇ ವಾಂತಿ ಬಂತು. ನನ್ನದೇ ಎಂಜಲು, ನನಗೇ ಓಕರಿಕೆ.

ಐವತ್ತೊಂದು ವರ್ಷದವನಿಗೆ ಇಂಥ ಅವಮಾನ. ಮನೆಯಲ್ಲಿ ನಾನು ಎದ್ದು ಟವೆಲ್ಲಿಗೆ ಕೈ ಒರೆಸುವಷ್ಟರಲ್ಲಿ ನೀನು ಎತ್ತಿರುತ್ತೀ. ಅದು ಹಾಗಿರುತ್ತದೆ ಎಂದು ನಾನು ಕಣ್ಣಿಂದ ನೋಡಿಯೇ ಇರಲಿಲ್ಲ. ಎಂಥ ಹೊಲಸು ಜನ ಇವರು.

ಕಳಕಪ್ಪ


ಗಜೇಂದ್ರಗಡ
ಗುರುವಾರ, ೧೨ ಜೂನ್ ೨೦೨೫

ಮನೆಯವರಿಗೆ,

ನಿಮ್ಮ ಪತ್ರ ಎರಡು ಸಲ ಓದಿದೆ. ಮೊದಲು ನಗು ಬಂತು, ಆಮೇಲೆ ಎದೆ ಉರಿಯಿತು. ಇನ್ನು ಮುಚ್ಚಿಡುವುದರಲ್ಲಿ ಅರ್ಥವಿಲ್ಲ. ಮಲ್ಲೇಶಪ್ಪನವರ ಬಾಯಿಗೆ ಹಾಕಿದ ಸಕ್ಕರೆಗೆ ನಾನು ಏನೂ ಮಾಡಲಾರೆ. ಸಂಬಂಧ ಬೇಡ ಅಂತ ಸೋಮವಾರವೇ ಅವರ ಹೆಂಡತಿಗೆ ಹೇಳಿ ಕಳಿಸಿದ್ದೇನೆ. ಗಂಡ ಊರಿಗೆ ಬಂದ ಮೇಲೆ ಹೇಳಿದರಾಯಿತು ಅಂತ ಅವರು ಮಲ್ಲೇಶಪ್ಪನವರಿಗೆ ಇನ್ನೂ ತಿಳಿಸಿರಲಿಕ್ಕಿಲ್ಲ.

ಆದದ್ದು ಇಷ್ಟು. ಹುಡುಗನಿಗೆ ಪಡಸಾಲೆಯಲ್ಲಿ ನಿಮ್ಮ ಹಿತ್ತಾಳೆ ಗಂಗಾಳವನ್ನೇ ಇಟ್ಟಿದ್ದೆ. ಹೋಳಿಗೆ ಎರಡು, ಅನ್ನ, ಎಣ್ಣೆಗಾಯಿ. ಎರಡು ತುತ್ತು ತಿಂದ, 'ಉಪ್ಪ ಜಾಸ್ತಿ ಆಗೇತಿ' ಅಂದ. ನನಗೆ ಅದರ ಬೇಜಾರಿಲ್ಲ, ಇರಬಹುದು. ತಂಬಿಗೆ ಎತ್ತಿ, ತುಂಬಿದ ಗಂಗಾಳದಲ್ಲಿ ಹೋಳಿಗೆಯ ಮೇಲೆ ನೀರು ಬಿಟ್ಟು ಕೈ ತೊಳೆದ. ಮೊಬೈಲ್ ನೋಡುತ್ತ ಎದ್ದ. ಅವನ ತಾಯಿ ನಗುತ್ತ, 'ಇಂವಾ ಅವರಪ್ಪನಂಗರಿ, ರುಚಿ ಹತ್ತಲಿಲ್ಲಂದ್ರ ಮುಗೀತು' ಅಂದರು. ಹೆಮ್ಮೆಯಿಂದಲೇ ಅಂದರು.

ಅದನ್ನೂ ನುಂಗಿಕೊಳ್ಳುತ್ತಿದ್ದೆ. ಅಷ್ಟರಲ್ಲಿ ನನ್ನ ಪಕ್ಕದಲ್ಲಿ ನಿಂತಿದ್ದ ಉಮಾ ಬಗ್ಗಿದಳು. ಯಾರೂ ಹೇಳಿರಲಿಲ್ಲ. ರೋಣದ ಸಾಲೆಯಲ್ಲಿ ನಲವತ್ತು ಮಕ್ಕಳಿಗೆ ಪಾಠ ಹೇಳುವ ಹುಡುಗಿ, ಹೊಸ ಸೀರೆಯ ಸೆರಗು ಸೊಂಟಕ್ಕೆ ಸಿಕ್ಕಿಸಿ ಆ ಗಂಗಾಳಕ್ಕೆ ಕೈ ಚಾಚಿದಳು. ಥೇಟ್ ನನ್ನ ಹಾಗೆ. ಕೈ ತಾನಾಗಿ ಹೋಯಿತು. ಅದನ್ನು ನೋಡಿ ನನ್ನ ಹೊಟ್ಟೆಯಲ್ಲಿದ್ದದ್ದೆಲ್ಲ ಗಂಟಲಿಗೆ ಬಂತು. ಅವಳ ರಟ್ಟೆ ಹಿಡಿದೆ. 'ಬಿಡು. ಅದು ಅಲ್ಲೇ ಇರಲಿ' ಅಂದೆ. ಎಲ್ಲರೂ ಕೇಳುವ ಹಾಗೆ ಅಂದೆ.

ಅವರು ಮುಖ ಗಂಟಿಕ್ಕಿಕೊಂಡು ಎದ್ದರು. ಗಂಗಾಳ ಅಲ್ಲೇ ಇತ್ತು. ಅದರ ಮುಂದೆ ಕೂತ ನಿಮ್ಮ ಅವ್ವನಿಗೆ ತಡೆಯಲಾಗಲಿಲ್ಲ. 'ಗಂಡಸರ ಗಂಗಾಳ ಹಾಂಗ ಬಿಡ್ತಾರೇನ' ಅನ್ನುತ್ತ ಗೋಡೆ ಹಿಡಿದು ಎದ್ದು, ಬಾಗಿ, ತಾವೇ ಎತ್ತಿದರು. ಅರ್ಧ ನೀರು ಸೀರೆಯ ಮೇಲೆ ಚೆಲ್ಲಿಕೊಂಡರು. ನಾನು ಅವರನ್ನು ತಡೆಯಲಿಲ್ಲ, ಅದಕ್ಕೆ ನನಗೆ ನಾಚಿಕೆ ಇದೆ.

ನೀವು ಎರಡು ದಿನದ ತಾಟಿನ ಬಗ್ಗೆ ಬರೆದಿದ್ದೀರಿ. ನಾನು ಒಂದೇ ಒಂದು ದಿನದ್ದು ಬರೆಯುತ್ತೇನೆ. ಉಮಾ ಹೊಟ್ಟೆಯಲ್ಲಿ ಏಳು ತಿಂಗಳು. ಗಂಡ ಉಂಡ ಗಂಗಾಳದಲ್ಲೇ ಹೆಂಡತಿ ಉಣ್ಣಬೇಕು ಅಂತ ನಾನು ಈ ಮನೆಗೆ ಬಂದ ದಿನವೇ ಅತ್ತೆ ಹೇಳಿದ್ದರು, ನಾನೂ ಹಾಗೇ ಉಣ್ಣುತ್ತಿದ್ದೆ. ಆ ದಿನ ಹೊಳೆಮಣ್ಣೂರಿನಿಂದ ನನ್ನ ತವರಿನವರು ಬಂದಿದ್ದರು, ಅವರು ಉಂಡ ಮೇಲೆ ಉಳಿದ ಅನ್ನ, ಬೇಳೆ ಎಲ್ಲಾ ನಿಮ್ಮ ಗಂಗಾಳಕ್ಕೇ ಹಾಕಿದ್ದೆ. ನೀವು ಬಿಟ್ಟದ್ದು ನನಗೆ ಅಂದುಕೊಂಡಿದ್ದೆ. 'ಬ್ಯಾಳಿ ತಳ ಹತ್ತೇತಿ' ಅಂತ ನೀವು ತಂಬಿಗೆ ನೀರು ಪೂರ್ತಿ ಹಾಕಿ ಕೈ ತೊಳೆದಿರಿ. ಬಾಯಿ ಮುಕ್ಕಳಿಸಿ ಅದರಲ್ಲೇ ಉಗುಳಿದಿರಿ. ಎದ್ದು ಅಂಗಡಿಗೆ ಹೋದಿರಿ.

ಹಿಟ್ಟು ಇರಲಿಲ್ಲ, ಒಲೆ ಆರಿತ್ತು. ಕೂಸು ಒಳಗೆ ಒದೆಯುತ್ತಿತ್ತು. ನಾನು ಬಚ್ಚಲಿಗೆ ಹೋಗಿ ನೀರು ಬಸಿದು, ಅಡಿಯಲ್ಲಿ ಉಳಿದ ಅನ್ನ ಉಂಡೆ. ನಿಮ್ಮ ಉಗುಳಿನ ಅನ್ನ. ಆಗ ನನಗೆ ಹೇಸಿಕೆ ಬರಲಿಲ್ಲ, ಹಸಿವೆ ಅಷ್ಟಿತ್ತು. ಇಪ್ಪತ್ತನಾಲ್ಕು ವರ್ಷ ಬರಲಿಲ್ಲ. ಸೋಮವಾರ ಬಂತು. ಅಂದಿನಿಂದ ಆ ಗಂಗಾಳ ಕಂಡರೆ ವಾಕರಿಕೆ, ನಿಮ್ಮ ಟವೆಲ್ ಕಂಡರೆ ವಾಕರಿಕೆ.

ನೀಲಾ


ದೋರ್ದೋನ್
ಶುಕ್ರವಾರ, ೧೩ ಜೂನ್ ೨೦೨೫

ನೀಲಾ,

ತಲೆ ನೆಟ್ಟಗಿದೆಯೇ ನಿನಗೆ? ಇಪ್ಪತ್ತನಾಲ್ಕು ವರ್ಷದ ಹಿಂದಿನದನ್ನು ಹೊತ್ತುಕೊಂಡು ಬಂದು ಮಗಳ ಸಂಬಂಧ ಮುರಿಯುತ್ತೀಯಾ? ಯಾರ ಮನೆಯಲ್ಲಿ ಗಂಡಸರು ಗಂಗಾಳದಲ್ಲಿ ಕೈ ತೊಳೆಯುವುದಿಲ್ಲ? ನಿನ್ನ ಅಪ್ಪ ತೊಳೆಯುತ್ತಿರಲಿಲ್ಲವೇ? ಆ ದಿನದ್ದು ನನಗೆ ನೆನಪೇ ಇಲ್ಲ. ಹಸಿವೆಯಾಗಿದ್ದರೆ ಹೇಳಬೇಕಾಗಿತ್ತು.

ಮುಂಜಾನೆ ವಾಟ್ಸಾಪ್ ಹತ್ತಿದಾಗ ಮಲ್ಲೇಶಪ್ಪನಿಗೂ ಮನೆಯಿಂದ ಸುದ್ದಿ ಬಂತು. ಹಾಸಿಗೆ ಎತ್ತಿಕೊಂಡು ಬೇರೆ ಕೋಣೆಗೆ ಹೋದ. ಹನ್ನೊಂದು ಡೀಲರುಗಳ ಮುಂದೆ, 'ಹೆಂಡತಿ ಮಾತ ನಡಿಯೋ ಮನಿಗೆ ಹೆಣ್ಣ ಕೇಳಾಕ ಹೋಗಿದ್ದು ನಂದ ತಪ್ಪ' ಎಂದ. ನೀನು ನಾಳೆಯೇ ನರಗುಂದಕ್ಕೆ ಹೋಗಿ ಅವನ ಹೆಂಡತಿಯ ಮುಂದೆ ತಪ್ಪಾಯಿತು ಅನ್ನು. ಉಮಾಳನ್ನೂ ಕರೆದುಕೊಂಡು ಹೋಗು.

ಕಳಕಪ್ಪ


ದೋರ್ದೋನ್
ಶನಿವಾರ, ೧೪ ಜೂನ್ ೨೦೨೫

ನೀಲಾಗೆ,

ನಿನ್ನಿಂದ ಪತ್ರವಿಲ್ಲ. ಹೋಗಿದ್ದೀಯೋ ಇಲ್ಲವೋ ಗೊತ್ತಿಲ್ಲ. ಹೋಗಿಲ್ಲವಾದರೆ ಹೋಗಬೇಡ.

ಇಂದು ಕೊನೆಯ ದಿನ. ಮುಂಜಾನೆ ಹೊಳೆಯಲ್ಲಿ ಅಗಲ ದೋಣಿಯಲ್ಲಿ ಕೂರಿಸಿ ದಂಡೆಯ ಕೋಟೆಗಳನ್ನು ತೋರಿಸಿದರು. ಏನು ನೋಡಿದೆನೋ ನೆನಪಿಲ್ಲ. ಯಾರೂ ನನ್ನ ಪಕ್ಕ ಕೂರಲಿಲ್ಲ.

ಮಧ್ಯಾಹ್ನದ ಊಟಕ್ಕೆ ಪ್ರತಿಯೊಬ್ಬರೂ ತಮ್ಮ ಮನೆಯ ಒಂದು ಅಡುಗೆ ಮಾಡಬೇಕೆಂದು ಪಾಳಿ. ಜಹೀದಾಳ ಚೀಲದಲ್ಲಿ ಕಡಲೆ ಹಿಟ್ಟಿತ್ತು, ಝುಣಕ ಮಾಡುತ್ತೇನೆ ಎಂದೆ. ಒಂದು ಸಾವಿರ ಸಲ ಉಂಡದ್ದು, ಮಾಡುವುದು ಹೇಗೆಂದು ಒಮ್ಮೆಯೂ ನೋಡಿಲ್ಲ. ನಿನ್ನನ್ನು ಕೇಳಲು ಮುಖವಿರಲಿಲ್ಲ. ಮೊದಲನೆಯದು ಗಂಟಾಯಿತು, ಎರಡನೆಯದು ತಳ ಹತ್ತಿತು. ಎರಡು ತಾಸು ನಿಂತು ಮೂರನೆಯದು ಮಾಡಿದೆ. ಕೈಗೆ ಎರಡು ಕಡೆ ಸುಟ್ಟಿದೆ. ಬಾಯಿಗೆ ಹಾಕಿಕೊಂಡರೆ ನಮ್ಮ ಮನೆಯದರ ಹತ್ತಿರ ಹತ್ತಿರ ಇತ್ತು, ಖರೇ ಹೇಳುತ್ತೇನೆ, ಹೆಮ್ಮೆಯಾಯಿತು.

ಎಲ್ಲರ ತಾಟಿಗೂ ನಾನೇ ಬಡಿಸಿದೆ. ಮಲ್ಲೇಶಪ್ಪ ಒಂದು ತುತ್ತು ಬಾಯಿಗಿಟ್ಟ. ನನ್ನನ್ನೇ ನೋಡುತ್ತ, 'ಹೆಂಡತಿ ಕೈ ಉಪ್ಪ ನಿಮ್ಮ ಕೈಗೂ ಬಂದೈತಿ ಬಿಡ್ರಿ' ಎಂದ. ಜಗ್ಗು ತೆಗೆದುಕೊಂಡು ಝುಣಕದ ಮೇಲೆ ನೀರು ಬಿಟ್ಟ. ಐದೂ ಬೆರಳನ್ನು ಅದರಲ್ಲಿ ಆಡಿಸಿ ತೊಳೆದ. ಭಾನುವಾರ ಧೈರ್ಯ ಬರದವನು ಇಂದು ಬೇಕೆಂದೇ ಮಾಡಿದ.

ನಾನು ಬಡಿಸುವ ಸೌಟು ಹಿಡಿದು ನಿಂತೇ ಇದ್ದೆ. ಹಳದಿ ಹಿಟ್ಟು ನೀರಿನಲ್ಲಿ ಬಿಚ್ಚಿಕೊಂಡು ತೇಲುವುದನ್ನು ನೋಡಿದೆ. ಮುಖದ ಮೇಲೆ ಉಗುಳಿದ ಹಾಗಾಯಿತು. ನಾನು ಎಷ್ಟು ಸಲ ಹಾಗೆ ಮಾಡಿರಬಹುದು ಎಂದು ಎಣಿಸಲು ಹೋದೆ, ವಾರಕ್ಕೆ ಎರಡು ಎಂದು ಹಿಡಿದು, ಮುಂದೆ ಎಣಿಸಲಾಗಲಿಲ್ಲ.

ನಾನು ಸಂತನೇನೂ ಆಗಿಲ್ಲ. ನೀನು ನನ್ನನ್ನು ಕೇಳದೆ ಅವರಿಗೆ ಬೇಡ ಎಂದು ಹೇಳಿದ್ದಕ್ಕೆ ಈಗಲೂ ಸಿಟ್ಟಿದೆ. ಆದರೆ ಆ ಮನೆಗೆ ನನ್ನ ಮಗಳು ಹೋಗುವುದು ಬೇಡ. ಅದನ್ನು ಎಲ್ಲರ ಮುಂದೆ ಮಲ್ಲೇಶಪ್ಪನಿಗೆ ನಾನೇ ಹೇಳಿದೆ. ನೀನು ಆ ದಿನ ಉಂಡದ್ದರ ಬಗ್ಗೆ ಏನು ಬರೆಯಬೇಕೋ ತಿಳಿಯುತ್ತಿಲ್ಲ. ಉಮಾಗೆ ಅದನ್ನು ಹೇಳಬೇಡ. ಅದೊಂದು ನಮ್ಮಿಬ್ಬರಲ್ಲೇ ಇರಲಿ. ಸೋಮವಾರ ಮುಂಜಾನೆ ಮನೆ ಮುಟ್ಟುತ್ತೇನೆ.

ಕಳಕಪ್ಪ


ಗಜೇಂದ್ರಗಡ
ಭಾನುವಾರ, ೧೫ ಜೂನ್ ೨೦೨೫

ಮನೆಯವರಿಗೆ,

ನರಗುಂದಕ್ಕೆ ನಾನು ಹೋಗಿಲ್ಲ, ಹೋಗುತ್ತಲೂ ಇರಲಿಲ್ಲ. ಸುಟ್ಟ ಕೈಗೆ ಎಣ್ಣೆ ಹಚ್ಚಿಕೊಳ್ಳಿರಿ, ಗುಳ್ಳೆ ಒಡೆಯಬೇಡಿರಿ.

ನೀವು ಮಲ್ಲೇಶಪ್ಪನವರಿಗೆ ಹೇಳಿದ್ದನ್ನು ಓದಿದೆ. ಅದು ಸರಿಯಾಯಿತು. ಅದರಿಂದ ನನ್ನ ವಾಕರಿಕೆ ನಿಂತಿತೇ ಅಂತ ಕೇಳಬೇಡಿರಿ, ನಿಂತಿಲ್ಲ. ಸೋಮವಾರ ಅಡುಗೆ ಮಾಡಿ ಮುಚ್ಚಿಟ್ಟಿರುತ್ತೇನೆ. ನೀವು ಬಡಿಸಿಕೊಂಡು ಉಣ್ಣಿರಿ. ನಾನು ಉಂಡಿರುತ್ತೇನೆ.

ಉಮಾಗೆ ಹೇಳಬೇಡ ಅಂದಿರಿ. ಪತ್ರಗಳ ಫೋಟೋ ತೆಗೆದು ನಿಮಗೆ ಕಳಿಸುವವಳು ಅವಳು ಅನ್ನುವುದನ್ನು ನೀವು ಮರೆತಿರಿ. ಗುರುವಾರದ ಪತ್ರ ಬರೆಯುವಾಗ ನನಗೆ ನೆನಪಿತ್ತು. ಓದಲಿ ಅಂತಲೇ ಬರೆದೆ. ಓದಿ, ಫೋಟೋ ತೆಗೆದಳು. ಅಳಲಿಲ್ಲ. ನಿಮಗೆ ಕಳಿಸಿದ ಮೇಲೆ ಒಂದೇ ಮಾತು ಕೇಳಿದಳು.

'ಅವ್ವಾ, ಹಂಗಾದ್ರ ಆ ಅನ್ನ ನಾನೂ ಉಂಡೇನಿ?'

ನಾನು ಹೌದು ಅಂದೆ. ನಾಳೆ ಅವಳು ಸಾಲೆಗೆ ಹೋಗುವುದಿಲ್ಲವಂತೆ, ನೀವು ಬರುವ ತನಕ ಮನೆಯಲ್ಲೇ ಇರುತ್ತಾಳಂತೆ.

ನೀಲಾ